ಮನೆ ತೋಟದ ಕೆಲಸ ಕಂಟ್ರಾಕ್ಟರ್‌ಗೆ ಕೊಡುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೊಂದು ಸಮಗ್ರ ಮಾರ್ಗದರ್ಶಿ

ಮನೆ ಕಟ್ಟುವಾಗ ಸಿಮೆಂಟು, ಕಬ್ಬಿಣದ ಬಗ್ಗೆ ಹತ್ತು ಜನರನ್ನು ಕೇಳುತ್ತೇವೆ. ಕಾಂಪೌಂಡ್ ಒಳಗಿನ ಖಾಲಿ ಜಾಗದ ಸರದಿ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಗೃಹಪ್ರವೇಶ ಹತ್ತಿರ ಬಂತು ಅಂತ ಯಾರೋ ಒಬ್ಬರಿಗೆ ಹೇಳಿ, ವಾರದೊಳಗೆ ಹುಲ್ಲು ಹಾಸಿಸಿ, ಗಿಡ ನಿಲ್ಲಿಸಿ, ಲೈಟ್ ಹಾಕಿಸಿಬಿಡುತ್ತೇವೆ. ಫೋಟೋದಲ್ಲಿ ಚೆನ್ನಾಗೇ ಕಾಣುತ್ತದೆ. ಆಮೇಲೆ ಏಪ್ರಿಲ್ ಬರುತ್ತದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಗಿಡ ನೆಡುವವರು ಬೇಕಾದಷ್ಟು ಸಿಗುತ್ತಾರೆ. ನೆಟ್ಟಿದ್ದನ್ನು ಒಂದು ಬೇಸಿಗೆ ದಾಟಿಸುವವರು ಕಡಿಮೆ. 40 ಡಿಗ್ರಿ ದಾಟುವ ಬಿಸಿಲು, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಸೆಪ್ಟೆಂಬರ್‌ನಲ್ಲೇ ಜಾಸ್ತಿ, ಜೊತೆಗೆ ಎರೆ ಮಣ್ಣು, ಬಹಳ ಕಡೆ ಉಪ್ಪು ನೀರಿನ ಬೋರು. ಬೆಂಗಳೂರಿನಲ್ಲಿ ಚೆನ್ನಾಗಿ ಬರುವ ತೋಟದ ಪ್ಲಾನ್ ಇಲ್ಲಿ ಹಾಗೇ ಬರುವುದಿಲ್ಲ. ಅದಕ್ಕೇ ಕಂಟ್ರಾಕ್ಟರ್ ಹುಡುಕುವುದರಿಂದ ಹಿಡಿದು ಕೊನೆಯ ಕಂತು ಕೊಡುವ ತನಕ ಎಲ್ಲವನ್ನೂ ಒಂದೇ ಅಳತೆಯಿಂದ ನೋಡಿ ಅಂತ ಹೇಳುತ್ತೇನೆ: ಇವರು ಇದನ್ನು ಮುಂದಿನ ಜೂನ್ ತನಕ ಬದುಕಿಸುತ್ತಾರಾ?

ಮೊದಲು ನಿಮ್ಮ ಜಾಗ ನಿಮಗೆ ಗೊತ್ತಿರಲಿ

ಕಂಟ್ರಾಕ್ಟರ್‌ಗೆ ಫೋನ್ ಮಾಡುವ ಮುಂಚೆ ಒಂದು ಭಾನುವಾರ ಇದಕ್ಕೇ ಇಡಿ. ಸಲಿಕೆ, ಟೇಪು, ಎರಡು ಕೊಡ ನೀರು ಸಾಕು.

ಗಿಡ ಹಾಕಬೇಕೆಂದಿರುವ ಜಾಗದಲ್ಲಿ ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ. ಮೇಲಿನ ಪದರದಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಪ್ಲಾಸ್ಟಿಕ್ ಬರುವುದು ಮಾಮೂಲು, ಹೊಸ ಮನೆ ಅಲ್ವಾ. ಅದರ ಕೆಳಗೆ ಏನಿದೆ ನೋಡಿ. ಕಪ್ಪಗೆ ಅಂಟಂಟಾಗಿದ್ದರೆ ಎರೆ, ಕೆಂಪಗೆ ಮರಳು ಮರಳಾಗಿದ್ದರೆ ಮಸಾರಿ, ಗುದ್ದಲಿ ಇಳಿಯದೆ ಕಟಕಟ ಅಂದರೆ ಗರಸು. ಗುಂಡಿಗೆ ಪೂರ್ತಿ ನೀರು ತುಂಬಿ ಇಂಗಲು ಬಿಡಿ. ಮರುದಿನ ಮತ್ತೆ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗುರುತು ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಒಂದು ಇಂಚೂ ಇಳಿಯದಿದ್ದರೆ ಆ ಜಾಗದಲ್ಲಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಇದೊಂದು ಮಾತು ನಿಮಗೆ ಗೊತ್ತಿದ್ದರೆ ಕಂಟ್ರಾಕ್ಟರ್ ಜೊತೆಗಿನ ಅರ್ಧ ಮಾತುಕತೆ ಸರಿಯಾದ ದಾರಿಯಲ್ಲಿ ಹೋಗುತ್ತದೆ.

ಆಮೇಲೆ ನೀರು. ನಳದ ನೀರಾದರೆ ಹೆಚ್ಚು ಚಿಂತೆ ಇಲ್ಲ, ಆದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು ಬರೆದಿಡಿ. ಬೋರಾದರೆ ಪರೀಕ್ಷೆ ಮಾಡಿಸಲೇಬೇಕು. ನೀರಿನಲ್ಲಿ ಕರಗಿರುವ ಉಪ್ಪು ಅಳೆಯುವ ಚಿಕ್ಕ ಟಿಡಿಎಸ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಗಿಡಗಳಿಗೆ ತೊಂದರೆ ಇಲ್ಲ, 450ರಿಂದ 2000 ಇದ್ದರೆ ಗಿಡ ನೋಡಿ ಆರಿಸಬೇಕು, 2000 ದಾಟಿದರೆ ಬಹಳ ಗಿಡಗಳಿಗೆ ಆಗುವುದಿಲ್ಲ. ಮೀಟರ್ ಉಪ್ಪಿನ ಒಟ್ಟು ಪ್ರಮಾಣ ಮಾತ್ರ ಹೇಳುತ್ತದೆ, ಅದರಲ್ಲಿ ಸೋಡಿಯಂ ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಇಲ್ಲವೇ ಹಗರಿ, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು-ನೀರಿನ ಪರೀಕ್ಷೆ ವಿಚಾರಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ, ಅಂದರೆ ಗಂಗಾವತಿ, ಸಿಂಧನೂರಿನ ಸುತ್ತ, ಮನೆ ಕಟ್ಟಿದ ಜಾಗ ಮೊದಲು ಭತ್ತದ ಗದ್ದೆ ಆಗಿದ್ದರೆ ಇದನ್ನು ಬಿಡಲೇಬೇಡಿ. ಅಲ್ಲಿ ಸವಳು ನೆಲ ಬಹಳ. ಒಣಗಿದಾಗ ಮೇಲೆ ಬಿಳಿ ಪುಡಿ ಹರಡಿದಂತೆ ಕಂಡರೆ ಅದೇ.

ಬಿಸಿಲನ್ನೂ ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಫೋಟೋ ತೆಗೆದಿಡಿ. ಪಶ್ಚಿಮದ ಗೋಡೆ ಇಡೀ ಸಂಜೆ ಕಾದು ರಾತ್ರಿ ತನಕ ಬಿಸಿ ಬಿಡುತ್ತಲೇ ಇರುತ್ತದೆ, ಅದರ ಬುಡದಲ್ಲಿ ನಾಜೂಕು ಗಿಡ ನಿಲ್ಲುವುದಿಲ್ಲ.

ಏನು ಬೇಕು ಅನ್ನುವುದನ್ನು ನೀರಿನ ಲೆಕ್ಕದಲ್ಲಿ ಬರೆಯಿರಿ

ಎಲ್ಲರಿಗೂ ಲಾನ್ ಬೇಕು. ಸರಿ, ಲೆಕ್ಕ ಹಾಕೋಣ. 1000 ಚದರಡಿ ಅಂದರೆ ಸುಮಾರು 93 ಚದರ ಮೀಟರ್. ನಮ್ಮ ಕಡು ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಹಿಡಿದರೂ, ಒಂದು ಚದರ ಮೀಟರಿಗೆ 5 ಲೀಟರ್, ಒಟ್ಟು 465 ಲೀಟರ್. ಪ್ರತಿದಿನ. 5000 ಲೀಟರಿನ ಟ್ಯಾಂಕರ್ ಹನ್ನೊಂದು ದಿನವೂ ಬರುವುದಿಲ್ಲ. ಇದನ್ನು ನೋಡಿದ ಮೇಲೂ ಲಾನ್ ಬೇಕು ಅನಿಸಿದರೆ ಹಾಕಿಸಿ, ತಪ್ಪೇನಿಲ್ಲ, ಆದರೆ ಮಕ್ಕಳು ಆಡುವಷ್ಟು, ಸಂಜೆ ನಾಲ್ಕು ಕುರ್ಚಿ ಹಾಕುವಷ್ಟು ಜಾಗಕ್ಕೆ ಸೀಮಿತ ಮಾಡಿ. 200 ಚದರಡಿಗೆ 100 ಲೀಟರ್ ಆಸುಪಾಸು ಸಾಕು.

ಲಾನ್ ಬದಲು ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣ ಅನ್ನುವವರು ಬರುತ್ತಾರೆ. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಬಿಳಿ ಕಲ್ಲು ಹರಡುವುದೂ ಅಷ್ಟೇ, ಕಣ್ಣಿಗೆ ಕೋರೈಸುತ್ತದೆ, ಬಿಸಿಯನ್ನು ಗೋಡೆಗೆ, ಕಿಟಕಿಗೆ ವಾಪಸ್ ಹೊಡೆಯುತ್ತದೆ. ನೆರಳೇ ಈ ಊರುಗಳ ದೊಡ್ಡ ಆಸ್ತಿ. ಬಜೆಟ್ ಕಡಿಮೆ ಇದ್ದರೆ ಉಳಿದಿದ್ದೆಲ್ಲ ಬಿಟ್ಟು ನೆರಳಿಗೆ ಖರ್ಚು ಮಾಡಿ.

ಟೆರೇಸ್ ಮೇಲೆ ತೋಟ ಬೇಕೆಂದಿದ್ದರೆ ಮೊದಲು ಮನೆ ಕಟ್ಟಿದ ಎಂಜಿನಿಯರ್ ಹತ್ತಿರ ಹೋಗಿ. ಓಡಾಡುವ ಟೆರೇಸನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಂದಡಿ ಎತ್ತರದ ಒದ್ದೆ ಮಣ್ಣೇ ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ಇಲ್ಲಿ ಕಂಟ್ರಾಕ್ಟರ್ ಮಾತು ಸಾಲದು.

ಯಾರನ್ನು ಕರೆಯಬೇಕು

ಇದರಲ್ಲಿ ಗೊಂದಲ ಜಾಸ್ತಿ. ನರ್ಸರಿಯವರು ಗಿಡ ಮಾರುತ್ತಾರೆ, ನೆಟ್ಟೂ ಕೊಡುತ್ತಾರೆ. ಮಾಲಿ ದಿನಗೂಲಿ ಅಥವಾ ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುತ್ತಾನೆ. ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರ್ ಅಂದರೆ ಮಣ್ಣು, ಇಳಿಜಾರು, ಪೈಪು, ಕಲ್ಲು ಹಾಸು, ಲೈಟು, ಗಿಡ ಎಲ್ಲವನ್ನೂ ತನ್ನ ಜವಾಬ್ದಾರಿಯಲ್ಲಿ ಮಾಡಿಸುವವರು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ನಕ್ಷೆ ಮಾಡುತ್ತಾರೆ. 30x40 ಸೈಟಿನಲ್ಲಿ ಮನೆ ಮುಂದೆ ಆರಡಿ ಪಟ್ಟಿ ಮಾತ್ರ ಉಳಿದಿದ್ದರೆ ಒಳ್ಳೆ ನರ್ಸರಿಯವರು, ಒಬ್ಬ ನಂಬಿಕೆಯ ಮಾಲಿ ಸಾಕು. ಸುಮ್ನೆ ದೊಡ್ಡ ಕಂಟ್ರಾಕ್ಟ್ ಕೊಡಬೇಡಿ. ನೆಲದ ಮಟ್ಟ ತಿದ್ದುವುದು, ನೀರು ಹೊರಹೋಗುವ ದಾರಿ, ಕಾರು ನಿಲ್ಲುವ ಜಾಗ, ಡ್ರಿಪ್ಪು, ಇವುಗಳಲ್ಲಿ ಎರಡಾದರೂ ಇದ್ದರೆ ಕಂಟ್ರಾಕ್ಟರ್ ಬೇಕು.

ಹುಡುಕುವುದಕ್ಕೆ ಒಳ್ಳೆಯ ದಾರಿ ಅಂದರೆ ಬೇಸಿಗೆಯಲ್ಲಿ ಊರು ಸುತ್ತುವುದು. ಮೇ ತಿಂಗಳಲ್ಲಿ ಯಾರ ಮನೆ ಮುಂದೆ ಹಸಿರು ಇದೆಯೋ ಆ ಮನೆಯ ಗಂಟೆ ಒತ್ತಿ ಕೇಳಿ. ನಮ್ಮ ಜನ ಬೇಜಾರು ಮಾಡಿಕೊಳ್ಳುವುದಿಲ್ಲ, ಒಳಗೆ ಕರೆದು ಚಹಾ ಕೊಟ್ಟು ಎಲ್ಲ ಹೇಳುತ್ತಾರೆ. ಮುನಿರಾಬಾದಿನ ತೋಟಗಾರಿಕೆ ಕಾಲೇಜು, ಜಿಲ್ಲೆಯ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು. ಆದೋನಿ, ಗುಂತಕಲ್ಲು, ಕರ್ನೂಲಿನಿಂದ ಬಂದು ಕೆಲಸ ಮಾಡುವವರೂ ಇದ್ದಾರೆ, ಕೆಲಸಗಾರರು ಒಳ್ಳೆಯವರೇ ಇರಬಹುದು, ಆದರೆ ಏಪ್ರಿಲ್‌ನಲ್ಲಿ ಡ್ರಿಪ್ ಕಟ್ಟಿಕೊಂಡಾಗ ಯಾರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಮೂರು ಜನರ ಹೆಸರು ಸಿಕ್ಕ ಮೇಲೆ ಅವರು ಹಿಂದೆ ಮಾಡಿದ ಕೆಲಸ ನೋಡಲು ಹೋಗಿ. ಹೋದ ತಿಂಗಳು ಮುಗಿಸಿದ್ದು ಬೇಡ, ಎರಡು ವರ್ಷ ಹಳೆಯದು ತೋರಿಸಿ ಅನ್ನಿ. ಅಲ್ಲಿ ಗಿಡಗಳಿಗಿಂತ ಮೊದಲು ನೆಲ ನೋಡಿ. ಕಲ್ಲು ಹಾಸು ಏರುಪೇರಾಗಿದೆಯಾ, ಗೋಡೆ ಬುಡದಲ್ಲಿ ತೇವ ಏರಿದೆಯಾ, ಡ್ರಿಪ್ ಪೈಪಿನ ತುದಿ ಮುಚ್ಚಿದೆಯಾ ಅಥವಾ ಯಾರೋ ಕಿತ್ತು ಮೂಲೆಗೆ ಎಸೆದಿದ್ದಾರಾ. ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: "ದುಡ್ಡು ಪೂರ್ತಿ ಕೊಟ್ಟ ಮೇಲೆ ಫೋನ್ ಎತ್ತಿದರೇನ್ರೀ?"

ಜಾಗ ನೋಡಲು ಬಂದಾಗ

ಕಂಟ್ರಾಕ್ಟರ್ ಬಂದ ದಿನ ನೀವು ಕಡಿಮೆ ಮಾತಾಡಿ. ಅವರು ಏನು ಕೇಳುತ್ತಾರೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಕೆಲಸ ಗೊತ್ತಿರುವವರು ಗೇಟಿನಿಂದ ಒಳಗೆ ಬರುತ್ತಲೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಸ್ವಲ್ಪ ನೀರು ಕೇಳಿ ಕಲಸಿ, ಬೆರಳಲ್ಲಿ ಉರುಟು ಬತ್ತಿ ಮಾಡಿ ನೋಡುತ್ತಾರೆ. ಬತ್ತಿ ಮುರಿಯದೆ ಉದ್ದ ಬಂದರೆ ಜೇಡಿ ಜಾಸ್ತಿ ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ. "ಸರ್, ನೀರು ಬೋರಿಂದಾ, ನಳದ್ದಾ?" "ಮಳೆ ನೀರು ಈಗ ಯಾವ ಕಡೆ ಹೋಗ್ತದೆ?" "ಊರಿಗೆ ಹೋದಾಗ ನೀರು ಬಿಡೋರು ಯಾರಿದ್ದಾರೆ, ಅಕ್ಕಾರೇ?" ಇಂಥ ಪ್ರಶ್ನೆ ಬಂದರೆ ಸಮಾಧಾನ. ಬಂದವರು ನೆಲ ನೋಡದೆ ಮೊಬೈಲಿನಲ್ಲಿ ದುಬೈ ವಿಲ್ಲಾದ ಫೋಟೋ ತೋರಿಸಲು ಶುರು ಮಾಡಿದರೆ ಅವರ ಆಸಕ್ತಿ ಬೇರೆ ಕಡೆ ಇದೆ.

ನೀವೂ ಕೇಳಿ. ಗಿಡ ಎಲ್ಲಿಂದ ತರುತ್ತೀರಿ? ನಮ್ಮ ಕಡೆಗೆ ಬಹಳ ಗಿಡ ಆಂಧ್ರದ ಗೋದಾವರಿ ದಡದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ಗಿಡ ಚೆನ್ನಾಗಿರುತ್ತವೆ, ಆದರೆ ತೇವದ ಗಾಳಿಯಲ್ಲಿ, ಎಷ್ಟೋ ಸಲ ನೆರಳು ಬಲೆಯ ಕೆಳಗೆ ಬೆಳೆದವು. ಅವನ್ನು ಇಲ್ಲಿ ತಂದ ದಿನವೇ ಬಿಸಿಲಿಗೆ ನೆಟ್ಟರೆ ಎಲೆ ಸುಟ್ಟುಹೋಗುತ್ತದೆ. ಎರಡು ಮೂರು ವಾರ ಇಲ್ಲೇ ಅರೆ ನೆರಳಲ್ಲಿಟ್ಟು ರೂಢಿ ಮಾಡಿಸುತ್ತೀರಾ ಅಂತ ಕೇಳಿ. ನಿಮ್ಮ ಜೊತೆ ಕಾಯಂ ಕೆಲಸ ಮಾಡುವ ಗೌಂಡಿ, ಪ್ಲಂಬರ್ ಇದ್ದಾರಾ, ದಿನಾ ಸೈಟಿನಲ್ಲಿ ಯಾರಿರುತ್ತಾರೆ, ಇದೂ ಕೇಳಬೇಕು.

ಕೊಟೇಶನ್ ಓದುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ದುಡ್ಡು ಸೋರುವುದೂ ಜಗಳ ಹುಟ್ಟುವುದೂ ಈ ಕಾಗದದಲ್ಲೇ.

"ಗಾರ್ಡನ್ ಕೆಲಸ ಪೂರ್ತಿ, ಒಟ್ಟು ಇಷ್ಟು ರೂಪಾಯಿ" ಅಂತ ಒಂದು ಸಾಲಿನಲ್ಲಿ ಬರೆದು ಕೊಟ್ಟರೆ ಸಹಿ ಮಾಡಬೇಡಿ. ಪ್ರತಿ ಕೆಲಸಕ್ಕೂ ಅಳತೆ, ದರ, ಮೊತ್ತ ಬೇರೆ ಬೇರೆ ಇರಬೇಕು. ಮಣ್ಣಿನ ಸಾಲನ್ನೇ ತೆಗೆದುಕೊಳ್ಳಿ. "ಕೆಂಪು ಮಣ್ಣು 6 ಟ್ರಿಪ್" ಅಂತ ಇರುತ್ತದೆ. ಟ್ರಿಪ್ ಅಂದರೆ ಎಷ್ಟು? ಟ್ರ್ಯಾಕ್ಟರ್ ಟ್ರಾಲಿ ಒಂದೊಂದು ಒಂದೊಂದು ಅಳತೆ, ಮೇಲಿನ ತನಕ ತುಂಬಿದರೋ ಅರ್ಧ ತುಂಬಿದರೋ ನೀವು ಆಫೀಸಿನಲ್ಲಿದ್ದಾಗ ಯಾರಿಗೆ ಗೊತ್ತು. ಬ್ರಾಸ್ ಲೆಕ್ಕದಲ್ಲಿ ಬರೆಸಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. ನಿಮ್ಮ ಗಿಡದ ಜಾಗ 600 ಚದರಡಿ ಇದ್ದು ಅರ್ಧ ಅಡಿ ಮಣ್ಣು ಬೇಕಾದರೆ 300 ಘನ ಅಡಿ, ಅಂದರೆ 3 ಬ್ರಾಸ್, ನೀರು ಬಿಟ್ಟ ಮೇಲೆ ಕೂರುತ್ತದೆ ಅಂತ ಇನ್ನೂ ಸ್ವಲ್ಪ ಸೇರಿಸಬಹುದು. ಮೊದಲ ಟ್ರಾಲಿ ಬಂದಾಗ ಉದ್ದ, ಅಗಲ, ಎತ್ತರ ಟೇಪಿನಲ್ಲಿ ಅಳೆದು ಬರೆದಿಡಿ. ಡ್ರೈವರ್ ಅಣ್ಣನ ಮುಂದೆಯೇ ಅಳೆಯಿರಿ, ಯಾರಿಗೂ ಅವಮಾನ ಆಗುವುದಿಲ್ಲ.

ಗೊಬ್ಬರ ಅಂತ ಇದ್ದರೆ ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಅಂತ ಬರೆಸಿ. ಹಸಿ ಸಗಣಿ ತಂದು ಸುರಿದರೆ ಮಸಾರಿ ನೆಲದಲ್ಲಿ ಗೆದ್ದಲು ಹಬ್ಬ ಮಾಡುತ್ತದೆ. ಗಿಡದ ಸಾಲಿನಲ್ಲಿ ಹೆಸರು, ಎತ್ತರ, ಚೀಲದ ಅಳತೆ, ಎಷ್ಟು ಗಿಡ ಅನ್ನುವುದಿರಲಿ. ಬರೇ "ಶೋ ಗಿಡ 80" ಅನ್ನುವುದಕ್ಕೆ ಅರ್ಥವಿಲ್ಲ. ಪೈಪಿನ ಸಾಲಿನಲ್ಲಿ ಕಂಪನಿ, ಐಎಸ್‌ಐ ಗುರುತು, ಫಿಲ್ಟರ್ ಸೇರಿದೆಯಾ ಇಲ್ಲವಾ. ಕಸ, ಹಳೆ ಮಣ್ಣು ಹೊರಗೆ ಸಾಗಿಸುವ ಖರ್ಚು ಯಾರದು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ, ಕೊನೆಗೆ ಗೇಟಿನ ಮುಂದೆ ಗುಡ್ಡೆ ಉಳಿಯುತ್ತದೆ.

ಜಿಎಸ್‌ಟಿ ಹಾಕಿದ್ದರೆ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ, ತೆಲಂಗಾಣದ್ದು 36, ಆಂಧ್ರದ್ದು 37. ನಂಬರ್ ಇಲ್ಲದ ಚಿಕ್ಕ ಕಂಟ್ರಾಕ್ಟರ್ ಅಂದ ಮಾತ್ರಕ್ಕೆ ಕೆಟ್ಟವರಲ್ಲ, ಆದರೆ ನಂಬರ್ ಇಲ್ಲದೆ ಜಿಎಸ್‌ಟಿ ಮಾತ್ರ ವಸೂಲಿ ಮಾಡುವ ಹಾಗಿಲ್ಲ.

ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟಾಗ ಒಂದು ಮಾತ್ರ ಬಹಳ ಕಡಿಮೆ ಇದ್ದರೆ ಯಾವ ಸಾಲು ಬಿಟ್ಟುಹೋಗಿದೆ ಹುಡುಕಿ. ಸಾಮಾನ್ಯವಾಗಿ ನೆಲದ ಕೆಳಗಿನ ಕೆಲಸ ಬಿಟ್ಟಿರುತ್ತಾರೆ.

ಎರೆ ಮಣ್ಣಿನ ಮೇಲೆ ಕಲ್ಲು ಹಾಸುವುದಾದರೆ

ನೆಲದ ಕೆಳಗಿನ ಕೆಲಸ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಮಣ್ಣಿನ ಮೇಲೆ ಸೀದಾ ಇಂಟರ್‌ಲಾಕ್ (ಒಂದಕ್ಕೊಂದು ಕೂಡುವ ಸಿಮೆಂಟ್ ಬ್ಲಾಕ್) ಕೂರಿಸಿದರೆ ಒಂದು ಮಳೆಗಾಲ, ಒಂದು ಬೇಸಿಗೆ ಮುಗಿಯುವುದರೊಳಗೆ ಹಾಸು ಅಲೆಅಲೆಯಾಗುತ್ತದೆ. ನಮ್ಮ ಬಡಾವಣೆಯಲ್ಲಿ ಒಂದು ಮನೆಯ ಗೇಟು ಈಗ ಅರ್ಧಕ್ಕೇ ನಿಲ್ಲುತ್ತದೆ, ಕೆಳಗಿನ ಕಲ್ಲು ಎದ್ದು ಅದಕ್ಕೆ ಅಡ್ಡ ಬಂದಿದೆ.

ಸರಿಯಾದ ಕ್ರಮ ಹೀಗೆ. ಎರೆ ಮಣ್ಣನ್ನು ಒಂದರಿಂದ ಒಂದೂವರೆ ಅಡಿ ತೆಗೆಯಬೇಕು. ಆ ಜಾಗಕ್ಕೆ ಗರಸು ತುಂಬಬೇಕು, ಒಂದೇ ಸಲ ಸುರಿಯದೆ ಅರ್ಧ ಅರ್ಧ ಅಡಿ ಪದರ ಹಾಕಿ, ನೀರು ಹೊಡೆದು, ಯಂತ್ರದಿಂದ ದಮ್ಮಸ್ಸು ಮಾಡಬೇಕು. ಅದರ ಮೇಲೆ ಒಂದರಿಂದ ಒಂದೂವರೆ ಇಂಚು ಮರಳು ಅಥವಾ ಕಲ್ಲಿನ ಪುಡಿ, ಆಮೇಲೆ ಹಾಸು. ಅಂಚಿಗೆ ಗಟ್ಟಿ ಕಟ್ಟೆ ಇಲ್ಲದಿದ್ದರೆ ಹಾಸು ಪಕ್ಕಕ್ಕೆ ಸರಿಯುತ್ತದೆ. ಇಂಟರ್‌ಲಾಕ್ ಆದರೆ ಜನ ಓಡಾಡುವಲ್ಲಿ 60 ಮಿಲಿಮೀಟರ್ ದಪ್ಪ, ಕಾರು ನಿಲ್ಲುವಲ್ಲಿ 80. ಶಹಾಬಾದ್ ಪರಸಿ, ಕುಷ್ಟಗಿ-ಇಳಕಲ್ ಕಡೆಯ ಗ್ರಾನೈಟ್ ನಮಗೆ ಹತ್ತಿರ, ಒರಟು ಮುಖದ್ದು ಆರಿಸಿ. ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುತ್ತದೆ, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಇದು ಸಣ್ಣ ವಿಷಯವಲ್ಲ.

ಇಳಿಜಾರು ಯಾವತ್ತೂ ಮನೆಯಿಂದ ಹೊರಕ್ಕೆ. ಹತ್ತಡಿಗೆ ಕನಿಷ್ಠ ಒಂದೂಕಾಲು ಇಂಚು. ಗೋಡೆಗೆ ಅಂಟಿಸಿ ಗಿಡದ ಪಾತಿ ಮಾಡಿಸಬೇಡಿ, ದಿನಾ ನೀರು ಬಿಟ್ಟರೆ ಪಾಯದ ಪಕ್ಕದ ಎರೆ ಮಣ್ಣು ಒಂದು ಕಡೆ ಮಾತ್ರ ಉಬ್ಬುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬೀಳುತ್ತದೆ. ಗೋಡೆಯಿಂದ ಎರಡು ಮೂರು ಅಡಿ ಬಿಡಿ.

ಮರಕ್ಕೂ ಇದೇ ಕಾರಣ. ಬೇವು, ಹೊಂಗೆ ನಮ್ಮ ನೆಲದ ಮರಗಳು, ಬೇಡ ಅನ್ನುವುದಿಲ್ಲ, ಆದರೆ ಅವು ಬೇಸಿಗೆಯಲ್ಲಿ ನೆಲದ ತೇವ ಎಳೆದಾಗ ಎರೆ ಇನ್ನಷ್ಟು ಕುಗ್ಗುತ್ತದೆ. ಬೆಳೆದಾಗ ಎಷ್ಟು ಎತ್ತರವೋ ಅದರ ಅರ್ಧದಷ್ಟಾದರೂ ಗೋಡೆಯಿಂದ ದೂರ ಇರಲಿ. ಅಷ್ಟು ಜಾಗ ಇಲ್ಲದವರು ನಿಂಬೆ, ದಾಳಿಂಬೆ, ಪೇರಲ, ದೇವಕಣಗಿಲೆಯಂಥ ಚಿಕ್ಕ ಮರಕ್ಕೆ ಹೋಗುವುದು ಒಳ್ಳೆಯದು.

ಗಿಡದ ಪಟ್ಟಿ ಕೈಗೆ ಬಂದಾಗ

ಪಟ್ಟಿಯಲ್ಲಿ ಕೋನೋಕಾರ್ಪಸ್ ಇದ್ದರೆ ಹೊಡೆದು ಹಾಕಿ. ಬೇಗ ಬೆಳೆದು ಹಸಿರು ಗೋಡೆ ಆಗುತ್ತದೆ ಅಂತ ಎಲ್ಲ ಕಡೆ ಹಾಕುತ್ತಾರೆ, ಬೇರು ಪೈಪಿಗೆ, ಚರಂಡಿಗೆ ನುಗ್ಗುತ್ತದೆ. ಗುಜರಾತ್ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು.

ಮಲೆನಾಡು, ಕರಾವಳಿಯಲ್ಲಿ ಮೆರೆಯುವ ಕೇಪಳದಂಥ ಗಿಡಗಳು ಸುಣ್ಣ ಜಾಸ್ತಿ ಇರುವ ನಮ್ಮ ಎರೆಯಲ್ಲಿ ಹಳದಿಯಾಗುತ್ತವೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಎಳೆ ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು. ಅದು ನೀರಿನ ಕೊರತೆ ಅಲ್ಲ, ಮಣ್ಣಿನಲ್ಲಿರುವ ಕಬ್ಬಿಣ ಗಿಡಕ್ಕೆ ಸಿಗುತ್ತಿಲ್ಲ ಅಂತ. ಬಳ್ಳಾರಿಯಂಥ ಅದಿರಿನ ಊರಿನಲ್ಲೂ ಗಿಡಕ್ಕೆ ಕಬ್ಬಿಣ ಸಿಗದಿರಬಹುದು, ಸುಣ್ಣ ಅದನ್ನು ಬಿಡುವುದಿಲ್ಲ. ಕಬ್ಬಿಣದ ಗೊಬ್ಬರ ಕೊಡುತ್ತಾ ಇರಬೇಕಾಗುತ್ತದೆ. ಅದರ ಬದಲು ಕಾಗದದ ಹೂವು, ದುಂಡು ಮಲ್ಲಿಗೆ, ನಂದಿಬಟ್ಟಲು, ಟೆಕೋಮಾ, ದಾಸವಾಳ, ಕರಿಬೇವು ಹಾಕಿಸಿ. ಕಣಗಿಲೆ ಉಪ್ಪು ನೀರಿಗೂ ಬಗ್ಗುವುದಿಲ್ಲ, ಆದರೆ ಪೂರ್ತಿ ವಿಷ, ಚಿಕ್ಕ ಮಕ್ಕಳು, ದನಕರು ಇರುವ ಮನೆಗೆ ಬೇಡ. ಹುಲ್ಲಿನಲ್ಲಿ ನಮ್ಮ ಕರಿಕೆಯ ಜಾತಿಯದೇ ಆದ ಬರ್ಮುಡಾ ಬಿಸಿಲನ್ನೂ ಸ್ವಲ್ಪ ಉಪ್ಪನ್ನೂ ತಡೆಯುತ್ತದೆ.

ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರ, ಕುಡತಿನಿ ಕಡೆ ಬೂದಿ ಧೂಳು ಇದ್ದದ್ದೇ. ಅಲ್ಲಿನವರು ನುಣುಪು ಎಲೆಯ ಗಿಡ ಆರಿಸಿ, ಎಲೆ ತೊಳೆಯಲು ಒಂದು ನಳವನ್ನೂ ಹೊರಗೆ ಕೊಡಿಸಿಕೊಳ್ಳಿ.

ಜಾಗದಲ್ಲಿ ಮೊದಲೇ ದೊಡ್ಡ ಮರ ಇದ್ದು ಕಂಟ್ರಾಕ್ಟರ್ ಕಡಿಯೋಣ ಅಂದರೆ ನಿಲ್ಲಿಸಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕಾಗಬಹುದು. ಅರಣ್ಯ ಇಲಾಖೆಯಲ್ಲಿ ಕೇಳಿ. ಅದಕ್ಕಿಂತ, ಇಪ್ಪತ್ತು ವರ್ಷದ ಬೇವಿನ ನೆರಳನ್ನು ಯಾವ ಕಂಟ್ರಾಕ್ಟರೂ ತಂದು ಕೊಡಲಾರ. ಅದನ್ನು ಉಳಿಸಿಕೊಂಡೇ ಪ್ಲಾನ್ ಮಾಡಿಸಿ.

ಕರಾರು, ಕಂತು

ಬಾಂಡ್ ಪೇಪರ್ ಮೇಲೆ ಬರೆಸಿ, ಕೊಟೇಶನ್ ಮತ್ತು ಕೈ ನಕ್ಷೆಯನ್ನು ಅದರ ಜೊತೆ ಸೇರಿಸಿ ಇಬ್ಬರೂ ಸಹಿ ಮಾಡಿ. ಶುರು, ಮುಗಿಯುವ ತಾರೀಖು, ಕೆಲಸ ಹೆಚ್ಚಾದರೆ ಬರಹದಲ್ಲಿ ಒಪ್ಪಿಗೆ ಇಲ್ಲದೆ ದುಡ್ಡಿಲ್ಲ ಅನ್ನುವ ಸಾಲು, ಕೆಲಸಗಾರರಿಗೆ ಪೆಟ್ಟಾದರೆ ಜವಾಬ್ದಾರಿ ಯಾರದು ಅನ್ನುವ ಸಾಲು ಇರಲಿ.

ದುಡ್ಡನ್ನು ತಾರೀಖಿಗೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ಎರಡು ಲಕ್ಷದ ಕೆಲಸ ಅಂದುಕೊಳ್ಳಿ. ಮುಂಗಡ 40 ಸಾವಿರ. ಮಣ್ಣು, ಇಳಿಜಾರು, ಪೈಪು ಮುಗಿದಾಗ 50. ಕಲ್ಲು ಹಾಸು ಮುಗಿದಾಗ 50. ಗಿಡ, ಹುಲ್ಲು, ಲೈಟು ಮುಗಿದಾಗ 30. ಉಳಿದ 30 ಸಾವಿರ ಮುಂದಿನ ಜೂನ್ ಕೊನೆಗೆ. ಈ ಕೊನೆಯ ಕಂತೇ ಬೇಸಿಗೆ ಕರಾರು. ಸತ್ತ ಗಿಡ ಅದೇ ಅಳತೆಯದು ಬದಲಾಯಿಸಿ ಕೊಡಬೇಕು, ಕುಸಿದ ಹಾಸು ಎತ್ತಿ ಕೂರಿಸಬೇಕು, ಡ್ರಿಪ್ ಸರಿ ಇರಬೇಕು.

ಕಂಟ್ರಾಕ್ಟರ್ ಇದಕ್ಕೆ ತಕ್ಷಣ ಒಪ್ಪದಿರಬಹುದು, ಅವರ ಕಷ್ಟವೂ ನಿಜ. ನೀವು ನೀರೇ ಬಿಡದೆ ಗಿಡ ಒಣಗಿಸಿದರೆ ಅವರೇನು ಮಾಡಬೇಕು? ಅದಕ್ಕೆ ನ್ಯಾಯವಾದ ದಾರಿ ಅಂದರೆ ಮೊದಲ ಬೇಸಿಗೆ ಮುಗಿಯುವ ತನಕ ನಿರ್ವಹಣೆಯನ್ನು ಅವರಿಗೇ ತಿಂಗಳ ಹಣ ಬೇರೆ ಕೊಟ್ಟು ಒಪ್ಪಿಸುವುದು. ವಾರಕ್ಕೊಮ್ಮೆ ಮಾಲಿ ಬರಬೇಕು, ಏನು ಮಾಡಿದ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನೀರು ಒದಗಿಸುವುದು ನಿಮ್ಮ ಜವಾಬ್ದಾರಿ, ಅದನ್ನೂ ಬರೆಸಿ. ಇಬ್ಬರಿಗೂ ಸರಿ ಹೋಗುತ್ತದೆ.

ಕೆಲಸ ನಡೆಯುವಾಗ

ಕಲ್ಲು, ಪೈಪಿನ ಕೆಲಸ ಬೇಸಿಗೆಯಲ್ಲಿ ಮುಗಿಸಿ, ಗಿಡ ಜೂನ್-ಜುಲೈನ ಮೊದಲ ಮಳೆ ಬಿದ್ದ ಮೇಲೆ ಅಥವಾ ಸೆಪ್ಟೆಂಬರ್‌ನಲ್ಲಿ ನೆಡಿಸಿ. ಏಪ್ರಿಲ್-ಮೇನಲ್ಲಿ ಗೃಹಪ್ರವೇಶ ಇದ್ದರೆ ಕುಂಡದ ಗಿಡ ಇಡಿ, ನೆಲಕ್ಕೆ ಆಮೇಲೆ.

ಪೈಪು, ವೈರು ಮುಚ್ಚುವ ಮುಂಚೆ ಟೇಪು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಮುಂದೆ ಯಾರಾದರೂ ಗುದ್ದಲಿ ಹಾಕುವಾಗ ಇದೇ ಕಾಪಾಡುತ್ತದೆ. ತೋಟದ ಲೈಟು 12 ವೋಲ್ಟಿನದಾದರೆ ಒಳ್ಳೆಯದು, 230 ವೋಲ್ಟ್ ಆದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಬೇಡವೇ ಬೇಡ, ಒದ್ದೆ ನೆಲ, ಬರಿಗಾಲು. ಡ್ರಿಪ್ಪಿನಲ್ಲಿ ಫಿಲ್ಟರ್ ಇರಲಿ, ಪ್ರತಿ ಸಾಲಿನ ತುದಿ ಬಿಚ್ಚಿ ಕೆಸರು ಬಿಡುವ ಹಾಗಿರಲಿ. ಉಪ್ಪು ನೀರು ಇರುವ ಕಡೆ ತೂತು ಕಟ್ಟಿಕೊಳ್ಳುವುದು ಖಂಡಿತ.

ಗಿಡ ನೆಡುವ ದಿನ ಅಲ್ಲೇ ಇರಿ. ಚೀಲ ಪೂರ್ತಿ ಹರಿದು ತೆಗೆಯುತ್ತಿದ್ದಾರಾ ನೋಡಿ, ಎಷ್ಟೋ ಕಡೆ ತಳ ಮಾತ್ರ ಕತ್ತರಿಸಿ ಇಡುತ್ತಾರೆ. ಬೇರು ಚೀಲದೊಳಗೆ ಸುತ್ತಿಕೊಂಡಿದ್ದರೆ ಬಿಡಿಸಬೇಕು. ಎರೆಯಲ್ಲಿ ಎರಡಡಿ ಗುಂಡಿ ತೋಡಿ ಬರೇ ಕೆಂಪು ಮಣ್ಣು, ಮರಳು ತುಂಬಿದರೆ ಅದು ಬಾನಿಯಾಗುತ್ತದೆ, ಸುತ್ತಲಿನ ಎರೆ ನೀರನ್ನು ಬಿಡುವುದಿಲ್ಲ. ಅಲ್ಲಿನದೇ ಮಣ್ಣನ್ನು ಅರ್ಧದಷ್ಟು ಬೆರೆಸಿ, ಗಿಡ ನೆಲಮಟ್ಟಕ್ಕಿಂತ ಎರಡು ಇಂಚು ಎತ್ತರ ನಿಲ್ಲಿಸಬೇಕು. ನೆಟ್ಟ ಮೇಲೆ ಬುಡದ ಸುತ್ತ ಭತ್ತದ ಹೊಟ್ಟು ಹರಡಿಸಿ, ಕಾಂಡಕ್ಕೆ ತಾಗದಂತೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್‌ಗಳಲ್ಲಿ ಹೊಟ್ಟಿಗೆ ಬರವಿಲ್ಲ, ನೆಲದ ತೇವ ಎಷ್ಟೋ ದಿನ ಉಳಿಯುತ್ತದೆ.

ಕೆಲಸದವರಿಗೆ ತಣ್ಣೀರು, ಕೂರಲು ನೆರಳು ಕೊಡಿ. ಮೇ ತಿಂಗಳ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಕೆಲಸ ನಿಲ್ಲಿಸಿ, ಬೆಳಿಗ್ಗೆ ಬೇಗ ಶುರು ಮಾಡಿ ಅಂತ ಕಂಟ್ರಾಕ್ಟರ್‌ಗೆ ಮೊದಲೇ ಹೇಳಿ. ಮಾಡುವವರ ಜೀವಕ್ಕಿಂತ ನಮ್ಮ ಗಡುವು ದೊಡ್ಡದಲ್ಲ.

ಮಾತು ಮುರಿದರೆ, ಮಾತು ಉಳಿದರೆ

ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ ಮೊದಲು ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಬರೆಯಿರಿ, ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು. ಆಗಲೂ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿಂದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಕರಾರು, ಬ್ಯಾಂಕ್ ಮೂಲಕ ಕೊಟ್ಟ ದಾಖಲೆ, ಫೋಟೋ ಇದ್ದರೆ ನಿಮ್ಮ ಮಾತಿಗೆ ತೂಕ. ಅದಕ್ಕೇ ನಗದು ಕೊಡಬೇಡಿ.

ಎಲ್ಲ ಸರಿ ಹೋದರೆ ಜೂನ್ ಕೊನೆಗೆ ಕಂಟ್ರಾಕ್ಟರನ್ನು ಕರೆದು ಕೊಟೇಶನ್ ಕೈಯಲ್ಲಿ ಹಿಡಿದು ಇಬ್ಬರೂ ಒಂದು ಸುತ್ತು ಹಾಕಿ. ಗಿಡ ಎಣಿಸಿ, ಎಲ್ಲ ವಾಲ್ವ್ ತಿರುಗಿಸಿ ನೋಡಿ, ಹಾಸಿನ ಮೇಲೆ ಒಂದು ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ಗಮನಿಸಿ. ಪೈಪಿನ ನಕ್ಷೆ, ಗಿಡದ ಪಟ್ಟಿ, ಪಂಪು-ಟೈಮರಿನ ವಾರಂಟಿ ಕಾರ್ಡ್ ಇಸಿದುಕೊಳ್ಳಿ. ಆಮೇಲೆ ಕೊನೆಯ ಕಂತನ್ನು ಅವತ್ತೇ ಹಾಕಿಬಿಡಿ, ನಾಳೆ ನಾಡಿದ್ದು ಅನ್ನಬೇಡಿ.